ತೊಂಬತ್ತೊಂದನ್ನು ತಿದ್ದಿದ ಟೀಚರ್

ನಮ್ಮ ಗಣಿತದ ಟೀಚರರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಬರೆಯುವಾಗ ಅದರ ಉಗುರು ಬೋರ್ಡಿಗೆ ತಾಗಿ ಕೆರ್ ಎನ್ನುತ್ತಿತ್ತು. ಆ ಸದ್ದಿಗೆ ಹಿಂದಿನ ಬೆಂಚಿನವರೂ ನೆಟ್ಟಗೆ ಕೂರುತ್ತಿದ್ದರು.

ಉರ್ವದ ನಮ್ಮ ಕನ್ನಡ ಶಾಲೆಗೆ ಅವರು ಫಳ್ನೀರಿನಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಮನೆಮಾತು ಕೊಂಕಣಿ, ಸಿಟ್ಟು ಬಂದಾಗ ಬೈಗುಳವೂ ಕೊಂಕಣಿಯಲ್ಲೇ. ಬಸ್ಸಿನಲ್ಲಿ ಕೂತು ಟಿಕೆಟಿನ ನಂಬರನ್ನು ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯುವುದು ಅವರ ಅಭ್ಯಾಸ. "ಯಾವ ಕಡೆಯಿಂದ ಒಡೆದರೂ ಕೊನೆಗೆ ಸಿಗುವುದು ಅವೇ ಸಂಖ್ಯೆಗಳು" ಎನ್ನುತ್ತಿದ್ದರು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನೂರರೊಳಗಿನ ಅವಿಭಾಜ್ಯಗಳನ್ನು ಬರೆಯುತ್ತ ಎಂಬತ್ತೊಂಬತ್ತರ ಪಕ್ಕ ತೊಂಬತ್ತೊಂದನ್ನೂ ಬರೆದರು.

"ಟೀಚರ್, ತೊಂಬತ್ತೊಂದು ಏಳರಲ್ಲಿ ಹೋಗ್ತದೆ" ಎಂದೆ.

"ನಡುವೆ ಬಾಯಿ ಹಾಕ್ಬೇಡ. ಹೊರಗೆ ನಿಲ್ಲು."

"ಮೀನಿನ ಲೆಕ್ಕ ಮಾರಾಯ್ರೆ" ಎಂದು ಯಾರೋ ಹೇಳಿದರು. ಕ್ಲಾಸೆಲ್ಲ ನಕ್ಕಿತು. ನನ್ನ ಅಮ್ಮ ಉರ್ವ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದಳು.

ಮರುದಿನ ನಾನು ಶಾಲೆಗೆ ಹೋಗಲಿಲ್ಲ. ಅಮ್ಮ ಬೈದಳು, ಬೇಡಿಕೊಂಡಳು. ನಾನು ಮಾರ್ಕೆಟಿನಲ್ಲಿ ಅವಳ ಪಕ್ಕದಲ್ಲೇ ಕೂತೆ. ಇನ್ನು ಓದುವುದೇ ಇಲ್ಲವೆಂದು ನಿಶ್ಚಯಿಸಿದ್ದೆ.

ನಾಲ್ಕನೇ ದಿನ ಟೀಚರ್ ಮಾರ್ಕೆಟಿಗೇ ಬಂದರು. ಒದ್ದೆ ನೆಲಕ್ಕೆ ತಾಗದಂತೆ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದರು. ಅಷ್ಟು ಜನ ಹೆಂಗಸರ ಎದುರು ನನಗೆ ಹೇಳಿದರು: "ನಿನ್ನನ್ನು ಹೊರಗೆ ನಿಲ್ಲಿಸಿದ್ದು ತಪ್ಪು. ನಾನು ಏಳರಿಂದ ಭಾಗಿಸಿ ನೋಡಲೇ ಇಲ್ಲ. ನಾಳೆ ಬಾ, ಕ್ಲಾಸಿನಲ್ಲೂ ಹೇಳ್ತೇನೆ."

ಅಮ್ಮನಿಗೆ ಗಲಿಬಿಲಿ. "ಎಂತ ಟೀಚರೇ ಅದು ತೊಂಬತ್ತೊಂದು?"

"ಅದನ್ನು ಸಮಪಾಲು ಮಾಡ್ಲಿಕ್ಕೆ ಬರುದಿಲ್ಲ ಅಂತ ಕಲಿಸಿದ್ದೆ."

"ಬರುದಿಲ್ವಾ? ಏಳೇಳು ಬಂಗುಡೆ ಇಟ್ರೆ ಹದಿಮೂರು ಪಾಲು ಆಗ್ತದಲ್ಲ! ಇವಳು ದಿನಾ ಇಡುದೇ ಹಾಗೆ."

ಟೀಚರ್ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮತ್ತೆ ನನ್ನತ್ತ ತಿರುಗಿ, "ತೊಂಬತ್ತೇಳು?" ಎಂದು ಕೇಳಿದರು.

"ಹೇಗಿಟ್ರೂ ಮೀನು ಉಳೀತದೆ ಟೀಚರ್."

"ಪಾಠ ಅಷ್ಟೇ" ಎಂದರು.

ಮರುದಿನ ಕ್ಲಾಸಿನಲ್ಲಿ ಹೇಳಿದ್ದನ್ನು ಮಾಡಿದರು. ನೂರರೊಳಗಿನ ಸಂಖ್ಯೆಯನ್ನು ಅವಿಭಾಜ್ಯ ಎನ್ನುವ ಮೊದಲು ಎರಡು, ಮೂರು, ಐದು, ಏಳು, ಈ ನಾಲ್ಕರಿಂದಲೂ ಭಾಗಿಸಿ ನೋಡಬೇಕು, ಅಷ್ಟು ಸಾಕು ಎಂದು ಬರೆಸಿದರು. ನಾನು ಮತ್ತೆ ಶಾಲೆ ತಪ್ಪಿಸಲಿಲ್ಲ. ಈಗ ಕಾವೂರಿನಲ್ಲಿ ನಾನೂ ಗಣಿತವನ್ನೇ ಕಲಿಸುತ್ತಿದ್ದೇನೆ.

ಕಳೆದ ವರ್ಷ ಟೀಚರ್ ತೀರಿಕೊಂಡರು. ಮಣ್ಣು ಮಾಡಿ ಚರ್ಚಿನಿಂದ ಹೊರಬರುವಾಗ ಒಬ್ಬಳು ನರ್ಸ್ ಜೊತೆಯಾದಳು. ನಾನು ಶಾಲೆ ಮುಗಿಸಿ ಎಷ್ಟೋ ವರ್ಷಗಳ ಮೇಲೆ ಅವರ ಕೈಯಲ್ಲಿ ಕಲಿತವಳು. ಅವಿಭಾಜ್ಯದ ಪಾಠ ಶುರುಮಾಡುವ ಮೊದಲು ಟೀಚರ್ ಪ್ರತಿ ವರ್ಷವೂ ತಮ್ಮ ತಪ್ಪಿನ ಕತೆ ಹೇಳುತ್ತಿದ್ದರಂತೆ.

"ತಿದ್ದಿದ್ದು ಯಾರು ಅಂತ ಹೇಳ್ತಿದ್ರಾ?" ಎಂದು ಕೇಳಿದೆ.

"ಹೆಸರು ಹೇಳ್ತಿರ್ಲಿಲ್ಲ. 'ನನ್ನ ಟೀಚರ್' ಅಂತಿದ್ರು."