ಲೇಖನದ ಬುಡದ ಹೆಸರು

ಸಿಟ್ಟು ಬಂದಾಗ ಕೂಗಾಡುವ ಹೆಂಗಸಲ್ಲ ಸ್ಫಾಕ್ಸ್ ಊರಿನ ದೊರ್ರಾ. ಕೂಗಾಡಿದ್ದರೆ ಲಸಾದ್ ಬಚಾವಾಗುತ್ತಿದ್ದ.

ಅವಳ ಅಪ್ಪ ಹಮ್ಮಾದಿ ಊರಾಚೆಯ ಆಲಿವ್ ಗಾಣದಲ್ಲಿ ಎಣ್ಣೆಯ ರುಚಿ ನೋಡಿ ದರ್ಜೆ ಹೇಳುತ್ತಿದ್ದ ಮನುಷ್ಯ. ಗ್ಲಾಸನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ, ಕಣ್ಣು ಮುಚ್ಚಿ ಒಂದು ಗುಟುಕು ಸುರ್ರೆಂದು ಎಳೆದರೆ ಸಾಕು, ಕಾಯಿ ಯಾವಾಗ ಕಿತ್ತದ್ದು, ಎಷ್ಟು ದಿನ ಗೋಣಿಯಲ್ಲಿ ಕೊಳೆತದ್ದು, ಎಲ್ಲ ಹೇಳಿಬಿಡುತ್ತಿದ್ದ. ಅವನು ಸತ್ತ ಮೇಲೆ ದೊರ್ರಾ ಆ ವಿದ್ಯೆಯನ್ನೆಲ್ಲ ಫ್ರೆಂಚಿನಲ್ಲಿ ಬರೆಯತೊಡಗಿದಳು. ಬರೆಯುವಾಗ ಅಪ್ಪ ಪಕ್ಕದಲ್ಲೇ ಕೂತು ಕೆಮ್ಮಿದಂತಾಗುತ್ತಿತ್ತು.

ಅಂತರ್ಜಾಲದಲ್ಲಿ ಬರೆದು ಬದುಕುವ ಕಸುಬಿನ ರೀತಿಯೇ ಬೇರೆ. ಲೇಖನವನ್ನು ಪುಕ್ಕಟೆ ಬಿಡಬೇಕು. ಎಣ್ಣೆ ಅಂಗಡಿಯವರು, ಅಡುಗೆ ಪುಟದವರು, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಷರತ್ತು ಒಂದೇ, ಬುಡದಲ್ಲಿರುವ ನಾಲ್ಕು ಸಾಲಿನ ಚೌಕವನ್ನು ಮುಟ್ಟುವಂತಿಲ್ಲ. ಬರೆದವರು ಯಾರು, ಬರವಣಿಗೆ ಬೇಕಿದ್ದರೆ ಎಲ್ಲಿ ಕೇಳಬೇಕು ಎಂಬುದು ಅಲ್ಲಿರುತ್ತದೆ. ಮೆಚ್ಚಿದವರು ಅದನ್ನು ಒತ್ತಿ ಬಂದು ಕೆಲಸ ಕೊಡುತ್ತಾರೆ. ಅನ್ನ ಹುಟ್ಟುವುದು ಆ ಚೌಕದಲ್ಲೇ.

ಪಕ್ಕದ ಬೀದಿಯ ಲಸಾದ್, "ನಿಂಗ್ಯಾಕಮ್ಮ ಈ ಹಂಚೋ ತಲೆನೋವು? ನೀ ಬರಿ, ನಾ ನೋಡ್ಕೋತೀನಿ" ಎಂದ. ನಂಬಿ ಹನ್ನೊಂದು ಲೇಖನ ಕೊಟ್ಟಳು. ಕೆಲಸ ಮಾತ್ರ ಒಂದೂ ಬರಲಿಲ್ಲ. ಕೊನೆಗೊಂದು ದಿನ ಫ್ರೆಂಚರ ಊರು ಮಾರ್ಸೇಯ ಅಂಗಡಿಯೊಂದರ ಪುಟದಲ್ಲಿ ತನ್ನ ಲೇಖನ ಕಂಡಿತು. ಬುಡದಲ್ಲಿ ಹೀಗಿತ್ತು: "ಲಸಾದ್, ಆಲಿವ್ ಎಣ್ಣೆ ತಜ್ಞ. ಗಾಣದಲ್ಲಿ ದುಡಿದ ತಂದೆಯಿಂದ ರುಚಿ ಕಲಿತವರು."

ಲಸಾದನ ತಂದೆ ಜೀವಮಾನವಿಡೀ ಬಚ್ಚಲಮನೆಯ ಟೈಲ್ಸ್ ಮಾರಿದವನು!

ಹೆಸರು ಕದ್ದಿದ್ದರೆ ಹಾಳಾಗಲಿ ಎನ್ನುತ್ತಿದ್ದಳೇನೋ. ಈ ದರಿದ್ರದವನು ಅವಳ ಅಪ್ಪನನ್ನೇ ಕದ್ದಿದ್ದ. ದೊರ್ರಾ ನೇರ ಅವನ ಆಫೀಸಿಗೆ ಹೋದಳು.

"ನನ್ನ ಹೆಸರೆಲ್ಲಿ, ಲಸಾದಣ್ಣ?"

ಅವನು ಕಾಫಿಗೆ ಸಕ್ಕರೆ ಕಲಕುತ್ತ ನಕ್ಕ. "ಹೆಸರು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ತಜ್ಞ ಅಂದ್ರೆ ಗಂಡಸಿನ ಹೆಸರೇ ಇರಬೇಕಮ್ಮ. ಬರ್ಕೊಡು, ನಿನ್ನ ಪಾಲು ಕೊಡ್ತೀನಿ."

"ನಾ ಬರ್ದಿದ್ದನ್ನೆಲ್ಲಾ ಓದಾದ್ರೂ ಓದ್ತೀರಾ?"

"ಓದೋಕ್ಕೆ ನಂಗೆಲ್ಲಿ ಪುರುಸೊತ್ತು?"

ದೊರ್ರಾ "ಸರಿ ಅಣ್ಣ, ಬರೀತೀನಿ" ಎಂದು ಬಂದುಬಿಟ್ಟಳು.

ಮನೆಯಲ್ಲಿ ಮನ್ನೂಬಿಯತ್ತೆ, ಅಂದರೆ ಹಮ್ಮಾದಿಯ ಅಕ್ಕ, ನಡೆದದ್ದು ಕೇಳಿ ಹರಿಸ್ಸಾ ಖಾರ ಅರೆಯುವ ಕಲ್ಲು ಬಿಟ್ಟು ಎದ್ದಳು. "ಥೂ ನಿನ್ನ! ಅವನ ಮುಖಕ್ಕೆ ಈ ಮೆಣಸಿನಕಾಯಿ ಬಳಿದು ಬರೋದು ಬಿಟ್ಟು, ಇನ್ನೂ ಬರ್ಕೊಡ್ತೀಯಾ?"

"ಬಳಿಯೋಣ ಅತ್ತೆ. ಇನ್ನೊಂಚೂರು ಮೇಲೆ ಹತ್ತಲಿ. ಕೆಳಗಿದ್ದೋನನ್ನ ತಳ್ಳಿದ್ರೆ ಪೆಟ್ಟಾಗಲ್ಲ."

ಅಲ್ಲಿಂದ ವಾರಕ್ಕೊಂದರಂತೆ ಬರೆದಳು, ಹಿಂದೆಂದೂ ಬರೆಯದಷ್ಟು ಚೆನ್ನಾಗಿ. ಬುಡದ ಚೌಕವನ್ನೂ ತಾನೇ ಉಬ್ಬಿಸಿದಳು. "ಕಣ್ಣು ಮುಚ್ಚಿಕೊಂಡೇ ಎಣ್ಣೆಯ ಊರು ಹೇಳಬಲ್ಲವರು" ಎಂದು ಸೇರಿಸಿದಾಗ ಲಸಾದ್ ಹಿರಿಹಿರಿ ಹಿಗ್ಗಿ ಅವಳಿಗೆ ಒಂದು ಡಬ್ಬಿ ಮಕ್ರೂದ್ ಸಿಹಿ ಕಳಿಸಿದ. ಅವಳು ಅದನ್ನು ತೆರೆಯದೆ ಪಕ್ಕದ ಮನೆಗೆ ಕೊಟ್ಟಳು. ಇಪ್ಪತ್ತಮೂರನೆಯ ಲೇಖನದಲ್ಲಿ ಅಪ್ಪ ಸದಾ ಹೇಳುತ್ತಿದ್ದುದನ್ನು ಬರೆದಳು: ಎಣ್ಣೆಯ ಬಣ್ಣ ಸುಳ್ಳು ಹೇಳುತ್ತದೆ, ಎಲೆ ಸೇರಿಸಿ ಅರೆದರೆ ಕೆಟ್ಟ ಎಣ್ಣೆಯೂ ಹಸಿರಾಗುತ್ತದೆ, ಯಾವನಾದರೂ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರೆ ಅವನ ಕೈಯಿಂದ ಗ್ಲಾಸ್ ಕಿತ್ತುಕೊಳ್ಳಿ.

ಆ ನವೆಂಬರಿನಲ್ಲಿ ಗಾಣಗಳು ತಿರುಗತೊಡಗಿದಾಗ ಬೆಳೆಗಾರರ ಸಂಘ ಒಂದು ಸಭೆ ಕರೆಯಿತು. ಹೊರದೇಶದ ಖರೀದಿದಾರರೂ ಬರುವವರಿದ್ದರು. ಅವರ ಮುಂದೆ ರುಚಿ ನೋಡಲು ಕರೆ ಹೋದದ್ದು ಹೆಸರಾಂತ ತಜ್ಞ ಲಸಾದನಿಗೆ.

ಹಿಂದಿನ ದಿನ ದೊರ್ರಾ ಸಂಘದ ಹಿರಿಯ, ಅಪ್ಪನ ಜೊತೆ ದುಡಿದ ಹಾಜಿ ಮಖ್ಲೂಫನ ಮನೆಗೆ ಹೋದಳು. ಇಪ್ಪತ್ತಮೂರನೆಯ ಲೇಖನವನ್ನು ಅರಬ್ಬಿಗೆ ತಿರುಗಿಸಿ, ಇನ್ನೂರು ಪ್ರತಿ ಮಾಡಿಸಿ ಒಯ್ದಿದ್ದಳು. ಬುಡದಲ್ಲಿ ಲಸಾದನ ಹೆಸರು ಹಾಗೇ ಇತ್ತು.

"ಬಂದೋರಿಗೆಲ್ಲಾ ಒಂದೊಂದು ಕೊಡಿ ದೊಡ್ಡಪ್ಪ. ನಾಳೆ ಬರೋ ಅತಿಥಿಗಳದ್ದೇ ಬರಹ."

ಮುದುಕ ಓದಿದ. ಎರಡನೇ ಸಲ ಓದಿದ. "ಇದು ನಮ್ಮ ಹಮ್ಮಾದಿ ಮಾತಲ್ವೇನೆ?" ಎಂದ. ದೊರ್ರಾ ಬುಡದ ಹೆಸರಿನ ಮೇಲೆ ಬೆರಳಿಟ್ಟಳು. ಮುದುಕನಿಗೆ ಅಷ್ಟು ಸಾಕಾಯಿತು.

ಮರುದಿನ ಲಸಾದ್ ಹೊಸ ಸೂಟಿನಲ್ಲಿ ಬಂದ. ಮೇಜಿನ ಮೇಲೆ ಹಾಜಿ ಮಖ್ಲೂಫ್ ತಾನೇ ತಂದಿಟ್ಟ ಎರಡು ಗ್ಲಾಸು. ಒಂದರಲ್ಲಿ ಹೊಸ ಎಣ್ಣೆ, ತೆಳು ಹಳದಿ. ಇನ್ನೊಂದರಲ್ಲಿ ಹೋದ ವರ್ಷ ಎಲೆ ಸೇರಿಸಿ ಅರೆದ ಮುಗ್ಗಲು ಎಣ್ಣೆ, ಕಣ್ಣಿಗೆ ಹಸಿರು ಹಸಿರು. ಲಸಾದ್ ಗಂಟಲು ಸರಿಮಾಡಿಕೊಂಡು ಹಸಿರು ಗ್ಲಾಸನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದ.

ಸಭೆಯ ಇನ್ನೂರು ಕಾಗದ ಒಟ್ಟಿಗೇ ಮಿಸುಕಿದವು.

"ಆಹಾ, ಈ ಬಣ್ಣ ನೋಡಿ!" ಎಂದ ಲಸಾದ್. "ಇದೇ ಉತ್ತಮ ದರ್ಜೆ."

ಹಾಜಿ ಮಖ್ಲೂಫ್ ಎದ್ದು ಹೋಗಿ ಅವನ ಕೈಯಿಂದ ಗ್ಲಾಸ್ ಕಿತ್ತುಕೊಂಡ. "ತಪ್ಪು ತಿಳೀಬೇಡಿ ಸಾಹೇಬ್ರೇ. ಹೀಗೇ ಮಾಡಿ ಅಂತ ನೀವೇ ಬರ್ದಿದ್ದೀರಲ್ಲ, ಇಲ್ಲಿ. ಅಂದ ಹಾಗೆ ನಿಮ್ಮ ತಂದೆಯವರು ಯಾವ ಗಾಣದಲ್ಲಿದ್ರು?"

"ಟೈಲ್ಸ್ ಗಾಣದಲ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಬಿದ್ದು ಬಿದ್ದು ನಕ್ಕಿತು.

ಲಸಾದನ ಕಣ್ಣು ಗೋಡೆಯ ಪಕ್ಕ ಕೂತ ದೊರ್ರಾಳ ಮೇಲೆ ಬಿತ್ತು. "ದೊರ್ರಾ, ನೀನೇ ಹೇಳಮ್ಮ. ಬರೆದೋಳು ನೀನು ತಾನೇ? ನನ್ನ ಹೆಸರು ಮಣ್ಣುಪಾಲಾಗ್ತಿದೆ!"

"ಹೆಸರು ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ, ಲಸಾದಣ್ಣ?" ಎಂದಳು ಅವಳು, ಕೂತಲ್ಲಿಂದ ಏಳದೆ. ಎಷ್ಟೋ ದಿನದ ಮೇಲೆ ಅವಳಿಗೆ ಎದೆ ತುಂಬ ಉಸಿರಾಡಲು ಬಂತು.

ವಾರದೊಳಗೆ ಪುಟಗಳವರೆಲ್ಲ ಲಸಾದನ ಹೆಸರಿದ್ದ ಲೇಖನಗಳನ್ನು ಒಂದೂ ಬಿಡದೆ ಕಿತ್ತುಹಾಕಿದರು.

"ನಿನ್ನ ಬರಹಾನೂ ಹೋಯ್ತಲ್ಲೇ ಹುಡುಗಿ" ಎಂದಳು ಮನ್ನೂಬಿಯತ್ತೆ.

"ಹೋಗ್ಲಿ ಬಿಡಿ ಅತ್ತೆ. ಅಪ್ಪ ಹೇಳಿದ್ದು ಎಲ್ಲೂ ಹೋಗಿಲ್ಲ."

ಅವತ್ತೇ ಮೊದಲಿನಿಂದ ಶುರು ಮಾಡಿದಳು. ಲೇಖನ ಮುಗಿದ ಮೇಲೆ ಬುಡದ ಚೌಕದಲ್ಲಿ, "ದೊರ್ರಾ. ಗಾಣದ ಹಮ್ಮಾದಿಯ ಮಗಳು" ಎಂದು ಬರೆದಳು. ಅದರ ಮೊದಲ ಪ್ರತಿಯನ್ನು ಲಸಾದನಿಗೇ ಕಳಿಸಿದಳು, ಮೇಲೊಂದು ಸಾಲು ಸೇರಿಸಿ: "ಇದನ್ನಾದರೂ ಓದಿ."