ಉಪ್ಪು ನೋಡಿದ ತುಂಡು

ನಾನು ಐದು ತಿಂಗಳ ಬಸುರಿಯಾಗಿದ್ದಾಗ, ಮಲೇಷ್ಯಾದ ಮೆಲಾಕಾದಲ್ಲಿ ನಮ್ಮ ಪಕ್ಕದ ಮನೆಯ ಚೀನೀ ಆಂಟಿ ಒಂದು ಭಾನುವಾರ ಬೆಳಿಗ್ಗೆ ಕಾಡುಹಂದಿಯ ಮಾಂಸ ತಂದುಕೊಟ್ಟರು. ಅವರ ತಮ್ಮನಿಗೆ ತಾಳೆ ತೋಟವಿದೆ. ಹಂದಿಗಳು ನುಗ್ಗಿ ಎಳೆ ಗಿಡಗಳನ್ನೆಲ್ಲ ಬುಡಮೇಲು ಮಾಡುತ್ತವೆಂದು ಪರವಾನಗಿ ತೆಗೆದುಕೊಂಡು ಹೊಡೆಯುತ್ತಾನೆ. “ಬೇಬಿಗೆ ಒಳ್ಳೇದು ಲಾ, ರಕ್ತ ಆಗುತ್ತೆ” ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿ, ಚೀಲವನ್ನು ನನ್ನ ಕೈಗೆ ತುರುಕಿ ಹೋದರು. ಅಲ್ಲಿಯವರೆಗೆ ಅನ್ನದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದವಳಿಗೆ ಅವತ್ತು ಬಾಯಲ್ಲಿ ನೀರೂರಿತು.

ನನ್ನ ಗಂಡ ಉಡುಪಿಯವನು. ಇಲ್ಲಿನ ಮೆಡಿಕಲ್ ಕಾಲೇಜೊಂದರಲ್ಲಿ ರೋಗಾಣುಗಳ ಪಾಠ ಹೇಳುತ್ತಾನೆ. ಮೊಟ್ಟೆಯನ್ನೂ ಮುಟ್ಟುವವನಲ್ಲ, ಆದರೆ ನಾನು ತಿನ್ನುವುದಕ್ಕೆ ತಕರಾರಿಲ್ಲ. ತಕರಾರು ಮಾಡಿದರೆ ನಾನು ಸುಮ್ಮನಿರುವವಳೂ ಅಲ್ಲ. ಅಪ್ಪನ ಕಡೆಯಿಂದ ನಾನು ಕೊಡಗಿನವಳು. ಅಮ್ಮ ಮಾತ್ರ ಮೈಸೂರಿನ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ, ಅಪ್ಪನನ್ನು ಮೆಚ್ಚಿ ಮದುವೆಯಾಗಿ, ಆಮೇಲೆ ಮಾಂಸ ಬೇಯಿಸುವುದನ್ನೂ ತಿನ್ನುವುದನ್ನೂ ಕಲಿತವಳು. ನನಗೆ ಕಲಿಸಿದವಳು ಅವಳೇ.

ಕಾಡುಹಂದಿ ಊರ ಹಂದಿಯ ಹಾಗಲ್ಲ. ಕೊಬ್ಬು ಕಡಿಮೆ, ಮಾಂಸ ಗಟ್ಟಿ, ಎಷ್ಟು ಹೊತ್ತು ಬೇಯಿಸಿದರೂ ಹಠ ಬಿಡುವುದಿಲ್ಲ. ಅರಿಶಿನ, ಉಪ್ಪು ಹಚ್ಚಿ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಸಣ್ಣ ಉರಿಯಲ್ಲಿಟ್ಟೆ. ಮೆಣಸು, ಜೀರಿಗೆ, ಕೊತ್ತಂಬರಿಯನ್ನು ಕಪ್ಪಗೆ ಹುರಿದು ಪುಡಿ ಮಾಡಿದೆ. ಕೊನೆಗೆ ಹಾಕುವುದು ಕಾಚಂಪುಳಿ, ಕೊಡಗಿನ ಆ ಕಪ್ಪು ಹುಳಿ. ಅದನ್ನು ಹಾಕಿದ ಮೇಲೆ ನಾಲಿಗೆಗೆ ಉಪ್ಪಿನ ಅಂದಾಜು ಸಿಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಮಾಂಸ ಬೇಯುತ್ತಿರುವಾಗಲೇ ಒಂದು ತುಂಡು ಎತ್ತಿ ಅಂಗೈಗೆ ಹಾಕಿಕೊಂಡು ನೋಡುತ್ತಾರೆ. ರಸ ನೆಕ್ಕಿದರೆ ಸಾಲದು, ಉಪ್ಪು ಒಳಗೆ ಇಳಿದಿದೆಯೋ ಇಲ್ಲವೋ ತಿಳಿಯಬೇಕಲ್ಲ. ನಾನೂ ನೋಡಿದೆ. ಹಸಿವಿನ ಭರಕ್ಕೆ ಇನ್ನೊಂದನ್ನೂ ನೋಡಿದೆ.

ಅಷ್ಟರಲ್ಲಿ ಗಂಡ ಮಾಮಕ್ ಅಂಗಡಿಯಿಂದ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಿಂದ, ತನಗೆ ರೊಟ್ಟಿ ಕಟ್ಟಿಸಿಕೊಂಡು ಬಂದ. ನಾನು ಅಗಿಯುತ್ತಿರುವುದನ್ನು ಕಂಡು, “ಆಯ್ತಾ ಅಡಿಗೆ?” ಎಂದ.

“ಎಲ್ಲಿ ಆಯ್ತು? ಇನ್ನೂ ಒಂದು ಗಂಟೆ ಬೇಕು. ಉಪ್ಪು ನೋಡ್ದೆ ಅಷ್ಟೆ.”

ಅವನು ಸೌಟು ತೆಗೆದುಕೊಂಡು ಒಂದು ತುಂಡನ್ನು ಮೇಲೆತ್ತಿದ. ಜನ್ಮದಲ್ಲಿ ಮಾಂಸದ ಸೌಟು ಮುಟ್ಟಿದವನಲ್ಲ. ಚಾಕುವಿನಿಂದ ಕೊಯ್ದ. ಒಳಗೆ ಕೆಂಪಗಿತ್ತು. ಅವನ ಮುಖದ ಬಣ್ಣವೇ ಇಳಿದುಹೋಯಿತು.

“ಎಂತ ಮಾಡಿದ್ದು ನೀನು ಮಾರಾಯ್ತಿ? ಹಸಿ ಮಾಂಸ ಬೇಡ ಅಂತ ಹೇಳಿದ್ದೆ ಅಲ್ವಾ?”

“ನಾನೇನು ಹಸಿ ತಿಂದ್ನಾ? ಉಪ್ಪು ನೋಡಿದ್ದು.”

ನಿಜಕ್ಕೂ ನನ್ನ ತಲೆಯಲ್ಲಿ ಅದು ತಿಂದ ಲೆಕ್ಕಕ್ಕೇ ಬಂದಿರಲಿಲ್ಲ. ಅವನು ಒಲೆ ಆರಿಸಿ, ನನ್ನನ್ನು ಕೂರಿಸಿ ಹೇಳಿದ. ಸರಿಯಾಗಿ ಬೇಯದ ಮಾಂಸದಲ್ಲಿ ಕಣ್ಣಿಗೆ ಕಾಣದ ಒಂದು ಪರಾವಲಂಬಿ ಇರಬಹುದಂತೆ. ತಿಂದವರಿಗೆ ಏನೂ ಆಗದೆಯೂ ಇರಬಹುದು. ಆದರೆ ಬಸುರಿಗೆ ಅದು ಮೊದಲ ಸಲ ತಗುಲಿದರೆ ಮಗುವಿಗೆ ದಾಟಬಹುದು. ಕಣ್ಣು ಹೋಗಬಹುದು, ಮಿದುಳಿಗೆ ಏಟು ಬೀಳಬಹುದು, ಮಗುವೇ ಉಳಿಯದಿರಬಹುದು. ನಾನು ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡೆ. ಆಮೇಲೆ ಸಿಟ್ಟು ಬಂತು ನೋಡಿ, ಊರಿನ ಹುಡುಗರಿಗೆಲ್ಲ ಪಾಠ ಹೇಳುವವನು ಮನೆಯಲ್ಲಿ ಹೆಂಡತಿಗೆ ಬಿಡಿಸಿ ಹೇಳಬಾರದಿತ್ತೇ ಎಂದು ಕಿರುಚಾಡಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಅವನು ತಿರುಗಿ ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮಾರನೆಯ ದಿನ ಪರೀಕ್ಷೆಗೆ ರಕ್ತ ಕೊಟ್ಟೆ. ನಿನ್ನೆಯ ಸೋಂಕು ಇವತ್ತಿನ ರಕ್ತದಲ್ಲಿ ಕಾಣುವುದಿಲ್ಲ, ಕಂಡರೆ ಹಳೆಯದು ಕಾಣುತ್ತದೆ, ಹಳೆಯದಿದ್ದರೆ ಮಗು ಬಚಾವು ಎಂದು ಅವನು ಹೇಳಿದ. ಫಲಿತಾಂಶ ಬರುವವರೆಗೆ ಮಗು ಮಿಸುಕಾಡಿದರೆ ಯಾಕೆ ಮಿಸುಕಾಡಿತೆಂದು ಭಯ, ಸುಮ್ಮನಿದ್ದರೆ ಯಾಕೆ ಸುಮ್ಮನಿದೆಯೆಂದು ಭಯ.

ಅವನು ಕಾಲೇಜಿನಿಂದ ಓಡಿಬಂದು ಬಾಗಿಲಲ್ಲೇ ಹೇಳಿದ: “ನಿಂಗೆ ಯಾವಾಗಲೋ ಬಂದು ಹೋಗಿದೆ. ಚಿಕ್ಕಂದಿನಲ್ಲೇ ಇರ್ಬೇಕು. ಮಗುವಿಗೆ ಎಂತ ಆಗುದಿಲ್ಲ.” ಹೇಳಿ ಗೋಡೆಗೆ ಒರಗಿ ಅತ್ತುಬಿಟ್ಟ. ಅವನ ಷರಟು ಹಿಡಿದುಕೊಂಡು ನಾನೂ ಅತ್ತೆ.

ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ, ಇಬ್ಬರೂ ಮಾತಾಡಲೆಂದು ಸ್ಪೀಕರಿನಲ್ಲಿಟ್ಟೆ. ಖುಷಿಯಲ್ಲಿ ನನ್ನ ಬಾಯಿಗೆ ಬೀಗವಿರಲಿಲ್ಲ. “ಚಿಕ್ಕೋಳಿದ್ದಾಗ ಉಪ್ಪು ನೋಡು ಅಂತ ತುಂಡು ಕೊಡ್ತಿದ್ದೆಯಲ್ಲ, ಅದೇ ನನ್ನ ಕಾಪಾಡ್ತು. ಅಭ್ಯಾಸ ಇಲ್ದೋರು ಬಸುರೀಲಿ ಮೊದಲ್ನೇ ಸಲ ತಿಂದು ತಗುಲಿಸಿಕೊಂಡ್ರೆ ಮಗು ಹೊಟ್ಟೇಲೇ ಹೋಗ್ಬಿಡಬಹುದಂತೆ.”

ಲೈನು ಕಟ್ಟಾಯಿತೆಂದು ನಾನು ಫೋನು ನೋಡಿದೆ.

“ಏಳು ತಿಂಗಳಲ್ಲೂ ಹೋಗತ್ತಾ?” ಎಂದಳು ಅಮ್ಮ.

ನನಗಿಂತ ಮೊದಲಿನ ಒಂದು ಗಂಡು ಮಗುವಿಗೆ ಹುಟ್ಟುವಾಗಲೇ ಜೀವವಿರಲಿಲ್ಲವೆಂದು ಸೋದರತ್ತೆಯೊಬ್ಬರ ಬಾಯಿಂದ ಕೇಳಿದ್ದೆ. ಅಮ್ಮ ಒಂದು ದಿನವೂ ಆ ಮಾತೆತ್ತಿದವಳಲ್ಲ.

“ಆಗ ನಾನು ಮಾಂಸ ತಿನ್ನೋಕೆ ಶುರು ಮಾಡಿದ್ದೇ ಹೊಸದು ಕಣೆ. ತೋಟಕ್ಕೆ ನುಗ್ಗಿದ ಹಂದಿ ಹೊಡ್ಕೊಂಡು ಬಂದ್ರು. ನಿಮ್ಮಜ್ಜಿ ನನ್ನ ಅಂಗೈ ಮೇಲೆ ತುಂಡು ಇಟ್ರು, ಇವತ್ತು ಸೊಸೆ ಉಪ್ಪು ನೋಡ್ಲಿ ಅಂತ. ಎಲ್ರೂ ನೋಡ್ತಿದ್ರು. ನಾನು ನುಂಗಿಬಿಟ್ಟೆ.” ಆಮೇಲೆ ಕೇಳಿದಳು: “ಹಾಗಾದ್ರೆ ಬಸ್ಸಿಂದ ಅಲ್ವಾ?”

“ಯಾವ ಬಸ್ಸಮ್ಮ?”

“ನಿಮ್ಮಪ್ಪ ಬೇಡ ಅಂದ್ರೂ ಕೇಳ್ದೆ ಬಸ್ಸಲ್ಲಿ ಮೈಸೂರಿಗೆ ಹೋಗಿದ್ನಲ್ಲ, ನಮ್ಮಮ್ಮನ್ನ ನೋಡೋಕೆ. ಆ ಕುಲುಕಾಟಕ್ಕೇ ಮಗು ಹೋಯ್ತು ಅಂತ ಎಲ್ರೂ ಅಂದ್ರು.”

ನಾನು ಗಂಡನ ಮುಖ ನೋಡಿದೆ. ಅವನು ಫೋನಿನ ಹತ್ತಿರ ಬಾಗಿದ. “ಅತ್ತೆ, ಮಾಂಸದಿಂದ ಆಯ್ತಾ ಅಂತ ಈಗ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಬಸ್ಸಿಂದ ಹಾಗೆ ಆಗುದಿಲ್ಲ. ಅದನ್ನು ನಾನು ಖಂಡಿತ ಹೇಳ್ತೇನೆ.”

ಅಮ್ಮ ಅಳುವುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅಪ್ಪನ ಹೆಣದ ಮುಂದೆಯೂ ಅವಳು ಅತ್ತಿರಲಿಲ್ಲ. ಅವರಿಬ್ಬರ ನಡುವೆ ಮಾತು ಕಡಿಮೆಯಿದ್ದುದು ಅಪ್ಪನ ಸ್ವಭಾವವೆಂದೇ ನಾನು ತಿಳಿದಿದ್ದೆ.

“ನಿಮ್ಮಪ್ಪ ಕೊನೇವರೆಗೂ ನನ್ನ ಕ್ಷಮಿಸ್ಲಿಲ್ಲ ಕಣೆ” ಎಂದಳು.