ಬಾಣಂತಿಗೆ ಅಳೆದ ನೀರು

ನಾನು ಜನವಾಡದಲ್ಲಿ ಆಶಾ ಕಾರ್ಯಕರ್ತೆ. ಆರು ತಿಂಗಳು ಎದೆಹಾಲು ಬಿಟ್ಟು ಕೂಸಿನ ಬಾಯಿಗೆ ಹನಿ ನೀರೂ ಬೀಳಬಾರದು ಎಂದು ಮನೆಮನೆಗೆ ಹೋಗಿ ಹೇಳುವುದು ನನ್ನ ಕೆಲಸ. ಹೇಳುವುದೇನು, ಜಗಳವನ್ನೇ ಆಡುತ್ತೇನೆ. ನಾನು ಓಣಿಗೆ ಕಾಲಿಟ್ಟರೆ ಅಜ್ಜಿಯರು ಕೂಸಿಗೆ ನೆಕ್ಕಿಸುವ ಜೇನಿನ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಮಗಳು ಬೀದರಿನ ಆಸ್ಪತ್ರೆಯಲ್ಲಿ ಹೆತ್ತು ನಮ್ಮ ಮನೆಗೆ ಬಂದಾಗ ಕಡು ಬೇಸಿಗೆ. ಬಾಣಂತನ ಮಾಡಲು ಔರಾದಿನಿಂದ ನನ್ನ ತಾಯಿಯೂ ಬಂದಳು. ತಗಡಿನ ಮನೆ ಹನ್ನೊಂದಕ್ಕೇ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಮೂರನೇ ವಾರಕ್ಕೆ ಕೂಸು ಎದೆಗೆ ಹಾಕಿದರೂ ಅಳತೊಡಗಿತು. ಹಾಲು ಸಾಲುತ್ತಿಲ್ಲ ಎಂದು ಮಗಳೂ ಅತ್ತಳು. ಭಾಲ್ಕಿಯಿಂದ ಅಳಿಯ ಫೋನ್ ಮಾಡಿದ: "ಆಯ್ತಾರ ಪುಡಿ ಹಾಲಿನ ಡಬ್ಬಿ ತಗೊಂಡು ಬರ್ತೇನ್ರಿ ಅತ್ತಿ."

ಬೇಡ ಎಂದೆ. ಮತ್ತೇನು ಮಾಡಬೇಕು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಗೇ ಡಬ್ಬಿ ಬಂದರೆ ನಾಳೆ ಯಾರ ಮುಂದೆ ಬಾಯಿ ತೆರೆಯಲಿ ಎಂಬ ಚಿಂತೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಶುಕ್ರವಾರ ಮಧ್ಯಾಹ್ನ ಬೇಗ ಮನೆಗೆ ಬಂದೆ. ತಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿಯಿಂದ ಅದರ ಬಾಯಿಗೆ ನೀರು ಹಿಂಡುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತು.

"ಏನ್ ಮಾಡ್ಲಕತ್ತಿ? ನೀರಿನಿಂದ ಹೊಟ್ಟಿ ತುಂಬಿದ್ರ ಕೂಸು ಹಾಲು ಹ್ಯಾಂಗ ಚೀಪ್ತದ? ಚೀಪಲಿಲ್ಲಂದ್ರ ಹಾಲು ಎಲ್ಲಿಂದ ಬರ್ತದ?"

"ಬಿಸಿಲು ನೋಡು. ನಿನಗೂ ಹಿಂಗೇ ಕುಡಿಸೀನಿ. ಬದುಕಿಲ್ಲೇನು?"

ಇಬ್ಬರ ದನಿಯೂ ಏರಿತು. ಆಗ ಹೊರಸಿನ ಮೇಲೆ ಮಲಗಿದ್ದ ಮಗಳು ಮೆಲ್ಲಗೆ ಹೇಳಿದಳು: "ಆ ನೀರು ನನಗಾದ್ರೂ ಕೊಡ್ರಿ."

ನಾವಿಬ್ಬರೂ ಅವಳತ್ತ ತಿರುಗಿದೆವು. ಅವಳ ತುಟಿಗಳು ಒಡೆದಿದ್ದವು. ಬಾಣಂತಿ ಬಹಳ ನೀರು ಕುಡಿದರೆ ಹೊಟ್ಟೆ ಬರುತ್ತದೆ, ಕೂಸಿಗೆ ನೆಗಡಿಯಾಗುತ್ತದೆ ಎಂದು ನಮ್ಮಲ್ಲಿ ಅಜವಾನ ಹಾಕಿ ಕಾಯಿಸಿದ ನೀರನ್ನು ಹೊತ್ತಿಗೆ ಒಂದೇ ಲೋಟ ಕೊಡುತ್ತಾರೆ. ಆ ಲೋಟ ಅಳೆದಿಡುತ್ತಿದ್ದವಳು ನನ್ನ ತಾಯಿಯಲ್ಲ, ನಾನು. ಬೆಳಿಗ್ಗೆ ಮಗಳಿಗೆ ನೀರು ಅಳೆದಿಟ್ಟು, ಮೇಲೆ ತಟ್ಟೆ ಮುಚ್ಚಿ, ಬೇರೆ ಮನೆಗಳಿಗೆ ಹೋಗಿ ನೀರಡಿಕೆಯಾದಷ್ಟು ಕುಡಿಯಿರಿ ಎಂದು ಬಾಣಂತಿಯರಿಗೆ ಹೇಳಿ ಬರುತ್ತಿದ್ದೆ.

ತಂಬಿಗೆ ತುಂಬಿ ತಂದು ಕೊಟ್ಟೆ. ಅವಳು ಗಟಗಟ ಕುಡಿದು ಇನ್ನೊಂದು ಕೇಳಿದಳು. ತಾಯಿ ಎದ್ದು ಹತ್ತಿಯನ್ನು ಹೊರಗೆ ಎಸೆದು ಬಂದಳು. ಅಂದಿನಿಂದ ಕೂಸಿಗೆ ನೀರು ನಿಂತಿತು, ಮಗಳಿಗೆ ಅಳತೆ ನಿಂತಿತು. ಕೂಸು ಬಾಯಿ ಆಡಿಸಿದಾಗಲೆಲ್ಲ ಎದೆಗೆ ಹಾಕಿದೆವು. ಅಳಿಯ ಹೇಳಿದಂತೆ ಭಾನುವಾರ ಡಬ್ಬಿ ತಂದ. ಎರಡು ದಿನ ನೋಡೋಣ ಎಂದೆವು. ಎರಡು ನಾಲ್ಕಾಯಿತು, ಕೂಸು ಕುಡಿದು ಹಾಗೇ ನಿದ್ದೆ ಹೋಗತೊಡಗಿತು. ತೂಕ ನೋಡಿದಾಗ ಏರಿತ್ತು.

ಒಂದು ಸಂಜೆ ಹಾಲೂಡಿಸುತ್ತಾ ಮಗಳು ಕೇಳಿದಳು: "ಊರಾಗ ಎಲ್ಲಾರಿಗೂ ಕುಡೀರಿ ಅಂತಿ. ನನಗ ಯಾಕ ಅಳದು ಕೊಟ್ಟಿ, ಅವ್ವಾ?"

"ಹೆದರಿಕಿ ಆಗಿತ್ತು" ಎಂದೆ.

ಅದು ನಿಜ. ನನ್ನ ಬಾಣಂತನದಲ್ಲಿ ತಾಯಿ ನನಗೆ ಮಾಡಿದ್ದರಲ್ಲಿ ಒಂದು ತಪ್ಪಿದರೂ ಮಗಳಿಗೆ ಏನಾದರೂ ಆದೀತು ಎಂಬ ಹೆದರಿಕೆ. ನಾನು ಹೋದ ಮನೆಗಳಲ್ಲೂ ಇದ್ದದ್ದು ಇದೇ ಹೆದರಿಕೆ. ಅದನ್ನು ನಾನು ಇಷ್ಟು ವರ್ಷ ದಡ್ಡತನ ಎಂದು ಬೈಯುತ್ತಾ ತಿರುಗಿದ್ದೆ.